ನಿನ್ನ ಲಯದ ಬಗ್ಗೆ

ಚಿ. ಸುಮೇಧಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆ ಸಮಾಚಾರ ನಿಮ್ಮಪ್ಪ ಫೋನಿನಲ್ಲಿ ಹೇಳಿರುತ್ತಾನೆ, ಬಿಡು. ಪತ್ರದ ಕೊನೆಯಲ್ಲಿ ಬರೆದಿದ್ದೀಯಲ್ಲ, "ಕಂಪ್ಯೂಟರಿನ ರೆಕಾರ್ಡಿಂಗ್ ತಂತ್ರಾಂಶ ಅಡಾಸಿಟಿಯಲ್ಲಿ ಹಾಡಿ ಕೇಳಿದಾಗಲೆಲ್ಲ ತಾಳಕ್ಕಿಂತ ಹಿಂದೆ ಬಿದ್ದಿರುತ್ತೇನೆ, ನನಗೆ ಲಯವೇ ಇಲ್ಲವೇನೋ" ಅಂತ. ಆ ಸಾಲು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ತಾಳದ ಮೊದಲ ಸುತ್ತಿನಲ್ಲಿ, ಅಂದರೆ ಮೊದಲ ಆವರ್ತದಲ್ಲಿ, ಎಷ್ಟು ಹಿಂದಿದ್ದೀಯೋ ಹತ್ತನೆಯದರಲ್ಲೂ ಅಷ್ಟೇ ಹಿಂದಿದ್ದೀಯಾ, ನೋಡು. ಲಯ ನಿಲ್ಲದವರು ಒಂದು ಕಡೆ ಓಡುತ್ತಾರೆ, ಇನ್ನೊಂದು ಕಡೆ ಎಳೆಯುತ್ತಾರೆ. ಉದ್ದಕ್ಕೂ ಒಂದೇ ಅಳತೆಯ ಅಂತರವಿದ್ದರೆ ಅದು ಯಂತ್ರದ ತಡ. ಲೇಟೆನ್ಸಿ ಅನ್ನುವುದು ಅದಕ್ಕೇ.

ನೀನು ಹಾಕಿಕೊಳ್ಳುವ ಬ್ಲೂಟೂತ್ ಇಯರ್‌ಫೋನಿನಲ್ಲಿ ಶಬ್ದ ಕಿವಿ ಮುಟ್ಟುವಷ್ಟರಲ್ಲಿ ಸುಮಾರು 200 ಮಿಲಿಸೆಕೆಂಡ್ ಕಳೆದಿರುತ್ತದೆ. ನಿಮಿಷಕ್ಕೆ 80 ಪೆಟ್ಟಿನ ಆದಿತಾಳದಲ್ಲಿ ಒಂದು ಅಕ್ಷರಕಾಲ, ಅಂದರೆ ಒಂದು ಪೆಟ್ಟಿನಿಂದ ಮುಂದಿನ ಪೆಟ್ಟಿಗೆ, 750 ಮಿಲಿಸೆಕೆಂಡ್. ಚತುರಶ್ರ ನಡೆಯಲ್ಲಿ ಅದನ್ನು ನಾಲ್ಕು ಮಾತ್ರೆಯಾಗಿ ಒಡೆಯುತ್ತೇವೆ, ಒಂದು ಮಾತ್ರೆ ಸುಮಾರು 187. ಪೆಟ್ಟು ನಿನಗೆ ಕೇಳಿಸುವ ಹೊತ್ತಿಗೆ ಒಂದು ಮಾತ್ರೆಗಿಂತ ಹೆಚ್ಚು ಸರಿದಿರುತ್ತದೆ. ಕಿವಿಗೆ ಬಿದ್ದ ಪೆಟ್ಟಿಗೆ ನೀನು ಸರಿಯಾಗಿಯೇ ಹಾಡಿರಬೇಕು.

ಹಿಂದೆ ಒಬ್ಬ ಹುಡುಗನಿಗೆ, ಏನೂ ಅಳೆದು ನೋಡದೆ, "ತಾಳ ಕಲಿತು ಬಾ" ಅಂದುಬಿಟ್ಟಿದ್ದೆ. ಅವನು ಮತ್ತೆ ಬರಲಿಲ್ಲ. ನಿನ್ನ ಸಾಲು ಅದಕ್ಕೇ ಅಷ್ಟು ಚುಚ್ಚಿತು.

ವೈರಿರುವ ಹೆಡ್‌ಫೋನ್ ತಗೋ, ದುಬಾರಿಯದು ಬೇಡ. ಬ್ಲೂಟೂತಿನ ಮೈಕನ್ನೂ ಬಳಸಬೇಡ. ಅದು ಚಾಲೂ ಆದೊಡನೆ ದನಿ ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ. ಹಾಡುವಾಗ ನಿನ್ನ ದನಿಯನ್ನು ನಿನಗೇ ಕೇಳಿಸುವ ಮಾನಿಟರಿಂಗ್ ಆಯ್ಕೆಯನ್ನೂ ತೆಗೆದುಬಿಡು. ಕಂಪ್ಯೂಟರಿನೊಳಗೆ ಸುತ್ತಿ ಬರುವ ದನಿ ತಡವಾಗಿಯೇ ಬರುತ್ತದೆ, ಅದನ್ನು ಕೇಳುತ್ತಾ ಹಾಡಿದರೆ ಎಂಥವರೂ ಎಳೆಯುತ್ತಾರೆ. ನಿನ್ನ ದನಿ ಕೇಳಲು ಒಂದು ಕಿವಿ ತೆರೆದಿಟ್ಟುಕೊಂಡರೆ ಸಾಕು.

ಆಮೇಲೂ ಅನುಮಾನವಿದ್ದರೆ ಅಳೆದೇ ನೋಡು. ಅಡಾಸಿಟಿಯ ಪ್ರಿಫರೆನ್ಸಸ್‌ನಲ್ಲಿ ಲೇಟೆನ್ಸಿ ಕಾಂಪೆನ್ಸೇಶನ್ ಅಂತ, ತಡವನ್ನು ಸರಿದೂಗಿಸುವ ಒಂದು ಸಂಖ್ಯೆ ಇದೆ, ಮೊದಲಿಂದ ಇರುವುದು ಮೈನಸ್ 130 ಮಿಲಿಸೆಕೆಂಡ್. ಅದನ್ನು ಸೊನ್ನೆ ಮಾಡು. ಜನರೇಟ್ ಮೆನುವಿನಿಂದ ರಿದಂ ಟ್ರ್ಯಾಕ್, ಅಂದರೆ ಬರೀ ಪೆಟ್ಟುಗಳ ಟ್ರ್ಯಾಕ್, ಮಾಡಿಕೊಂಡು, ಹೆಡ್‌ಫೋನನ್ನು ಮೈಕಿಗೆ ಒತ್ತಿ ಹಿಡಿದು, ಹೊಸ ಟ್ರ್ಯಾಕಿನಲ್ಲಿ ರೆಕಾರ್ಡ್ ಮಾಡು. ಜೂಮ್ ಮಾಡಿದರೆ ಮೇಲಿನ ಪೆಟ್ಟಿಗೂ ಕೆಳಗಿನ ಪೆಟ್ಟಿಗೂ ಅಂತರ ಕಾಣುತ್ತದೆ. ಅಷ್ಟು ಮಿಲಿಸೆಕೆಂಡನ್ನು ಮೈನಸ್ ಚಿಹ್ನೆಯೊಂದಿಗೆ ಅಲ್ಲಿ ಬರೆ. ನೀನು ಹಾಡುವುದೇ ಬೇಡದ ಪರೀಕ್ಷೆ ಇದು. ಅಲ್ಲಿ ಕಾಣುವ ತಡ ನಿನ್ನದಾಗಲು ಸಾಧ್ಯವೇ ಇಲ್ಲ, ಮಗಳೇ.

ಇಷ್ಟೆಲ್ಲ ಹೇಳಿ ನಿನ್ನ ತಲೆ ತಿನ್ನುತ್ತಿದ್ದೇನೋ ಏನೋ. ಇನ್ನೊಂದೇ ಒಂದು: ರೆಕಾರ್ಡ್ ಮಾಡುವಾಗ ದನಿಯ ಮಟ್ಟ ತೋರಿಸುವ ಮೀಟರು ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್‌ನೊಳಗೆ ಆಡಲಿ. ಸೊನ್ನೆ ಮುಟ್ಟಿ ಒಡೆದ ದನಿಯನ್ನು ಆಮೇಲೆ ಚೆನ್ನಾಗಿ ಸರಿಮಾಡಲು ಆಗುವುದಿಲ್ಲ. ತಡವನ್ನು ಸರಿಮಾಡಬಹುದು.

ಹಾಗಾಗಿ ಅಳಿಸಿಬಿಡುತ್ತೇನೆ ಅಂದಿದ್ದೀಯಲ್ಲ, ಆ ರೆಕಾರ್ಡಿಂಗನ್ನು ಇಟ್ಟುಕೋ. ನಿನ್ನ ದನಿಯ ಕ್ಲಿಪ್ಪಿನ ಮೇಲಂಚು ಹಿಡಿದು 200 ಮಿಲಿಸೆಕೆಂಡ್‌ನಷ್ಟು ಎಡಕ್ಕೆ ಎಳೆ. ಕೈಯಲ್ಲಿ ತಾಳ ಹಾಕುತ್ತಾ ಕೇಳು, ಕೇಳಿದ ದಿನವೇ ನನಗೆ ಫೋನ್ ಮಾಡು.

ನಿನ್ನ ದೊಡ್ಡಪ್ಪ