200 ಕೆ.ಜಿ. ಎಂದು ಚೀಟಿ ಅಂಟಿಸಿದ ಹಿಚ್ ರ‍್ಯಾಕ್ 190 ಕೆ.ಜಿ.ಗೇ ಬಿರುಕು ಬಿಟ್ಟಿದೆ: ಹಾಸನದ ಗ್ರಾಹಕರ ದೂರು

ಇವರಿಂದ:
ಜೆಟ್ ಸ್ಕೀ ರ‍್ಯಾಕ್ ಖರೀದಿಸಿದ ಮೂವರು ಗ್ರಾಹಕರು, ಹಾಸನ

ಇವರಿಗೆ:
ವ್ಯವಸ್ಥಾಪಕರು, ವಿನ್ಯಾಸ ಮತ್ತು ಗ್ರಾಹಕ ಸೇವಾ ವಿಭಾಗ

ವಿಷಯ: ಸ್ಟ್ಯಾಂಡ್-ಅಪ್ ಜೆಟ್ ಸ್ಕೀ (ನಿಂತು ಓಡಿಸುವ ನೀರಿನ ಸ್ಕೂಟರ್) ಸಾಗಿಸಲೆಂದು ಮಾರಿದ ಹಿಚ್ ರ‍್ಯಾಕ್‌ನ ಮುಖ್ಯ ಪೈಪು ಬಿರುಕು ಬಿಟ್ಟಿರುವುದು, ಹಣ ವಾಪಸಾತಿ ಮತ್ತು ಮಾರಿದ ರ‍್ಯಾಕ್‌ಗಳನ್ನು ಹಿಂಪಡೆಯುವ ಬಗ್ಗೆ

ಮಾನ್ಯರೇ,

ಗಾಡಿಯ ಹಿಂದೆ ಅಡ್ಡಲಾಗಿ ಸಿಕ್ಕಿಸುವ ನಿಮ್ಮ ಸಂಸ್ಥೆಯ ಮೂರು ರ‍್ಯಾಕ್‌ಗಳನ್ನು ನಾವು ಕೊಂಡಿದ್ದೇವೆ. ಎರಡರ ಮುಖ್ಯ ಪೈಪು ಬಿರುಕು ಬಿಟ್ಟಿದೆ. ಮೂರನೆಯದನ್ನು ಗಾಡಿಯಿಂದ ಕಳಚಿಟ್ಟಿದ್ದೇವೆ. ಇದಕ್ಕೆ ನಿಮ್ಮ ಮಾರಾಟ ಪ್ರತಿನಿಧಿಯಿಂದ ಬಂದ ಉತ್ತರ ಒಂದೇ ಸಾಲು: ಓವರ್‌ಲೋಡ್ ಆಗಿರಬೇಕು, ಬೆಲ್ಟ್ ಇನ್ನೂ ಬಿಗಿ ಮಾಡಿ. ಓವರ್‌ಲೋಡ್ ಆಗಿಲ್ಲ. ಬೆಲ್ಟ್ ಹಿಡಿದಿಡುವುದು ಸ್ಕೀಯನ್ನು ರ‍್ಯಾಕಿಗೆ. ರ‍್ಯಾಕನ್ನು ಗಾಡಿಗೆ ಹಿಡಿದಿರುವುದು ಒಂದೇ ಒಂದು ಚೌಕ ಪೈಪು. ಬಿರುಕು ಬಿಟ್ಟಿರುವುದು ಆ ಪೈಪು. ಬೆಲ್ಟನ್ನು ಎಷ್ಟು ಎಳೆದರೂ ಸ್ಕೀಯ ಹಲ್ (ತಳದ ಒಡಲು) ಮೇಲೆ ಒತ್ತಡ ಬೀಳುತ್ತದೆಯೇ ಹೊರತು ಪೈಪಿನ ಹೊರೆ ಒಂದು ಕಿಲೋ ಕೂಡ ಇಳಿಯುವುದಿಲ್ಲ.

ಮೊದಲು ತೂಕ. ಸ್ಕೀಗಳು 2021ರ ನಂತರದ ಯಮಾಹಾ ಸೂಪರ್‌ಜೆಟ್. ಕಂಪನಿ ಹೇಳುವ ಒಣ ತೂಕ 170 ಕೆ.ಜಿ. ಟ್ಯಾಂಕಿಗೆ 19 ಲೀಟರ್ ಪೆಟ್ರೋಲ್, ಅದು ಸುಮಾರು 14 ಕೆ.ಜಿ. ಎಂಜಿನ್ ಆಯಿಲ್, ಬ್ಯಾಟರಿ, ಹಲ್ ಒಳಗೆ ಉಳಿದ ನೀರು ಎಲ್ಲ ಸೇರಿ ತಕ್ಕಡಿಯಲ್ಲಿ 190 ಕೆ.ಜಿ. ಬಂದಿದೆ. ನಿಮ್ಮ ಚೀಟಿಯಲ್ಲಿ 200 ಕೆ.ಜಿ. ಎಂದಿದೆ. ಆದರೆ ರ‍್ಯಾಕಿನ ಸ್ವಂತ ತೂಕವೇ 38 ಕೆ.ಜಿ. ರಿಸೀವರ್ (ಪೈಪು ತೂರಿಸಲು ಗಾಡಿಯ ಹಿಂದಿರುವ ಚೌಕ ಬಾಯಿ) ಹೊರಬೇಕಾದದ್ದು 228 ಕೆ.ಜಿ. ಎಂಬುದು ನಿಮ್ಮ ಕೈಪಿಡಿಯಲ್ಲಿ ಎಲ್ಲೂ ಇಲ್ಲ. ಯಾವ ಗಾಡಿಯ ಯಾವ ರಿಸೀವರಿಗೆ ಇದನ್ನು ಹಾಕಬಹುದು ಎಂಬ ಪಟ್ಟಿಯೂ ಇಲ್ಲ, "ಎಲ್ಲ ಎಸ್‌ಯುವಿಗಳಿಗೂ ಸೂಕ್ತ" ಎಂದಷ್ಟೇ ಇದೆ. ಚಾಸಿ ಫ್ರೇಮ್ ಇಲ್ಲದ, ಮಾನೊಕಾಕ್ ಬಾಡಿಯ ಎಸ್‌ಯುವಿಗೆ ಈ ಹೊರೆ ಹಾಕಿದರೆ ರಿಸೀವರಿನ ಬೋಲ್ಟುಗಳೇ ತಗಡನ್ನು ಹರಿಯುತ್ತವೆ.

ಈಗ ಮುಖ್ಯ ದೋಷ. ಏತದ ಬಗ್ಗೆ ತಿಳಿದ ಯಾರಿಗಾದರೂ ಇದು ಅರ್ಥವಾಗುತ್ತದೆ: ತೂಕ ಎಷ್ಟು ಎಂಬುದಕ್ಕಿಂತ ಎಷ್ಟು ದೂರದಲ್ಲಿ ತೂಗುತ್ತಿದೆ ಎಂಬುದು ದೊಡ್ಡ ಮಾತು. ಸ್ಕೀಯ ಅಗಲ 760 ಮಿ.ಮೀ. ಅದು ಹಿಂಬಾಗಿಲಿಗೆ ತಾಗದಂತೆ ಕೂರಬೇಕಾದರೆ ಅದರ ತೂಕದ ಮಧ್ಯ ರಿಸೀವರ್ ಬಾಯಿಯಿಂದ 650 ಮಿ.ಮೀ. ಹಿಂದೆ ಬರುತ್ತದೆ. 228 ಕೆ.ಜಿ. ಅಷ್ಟು ದೂರದಲ್ಲಿ ಸುಮ್ಮನೆ ನಿಂತಾಗಲೇ ಪೈಪಿನ ಮೇಲೆ ಬೀಳುವ ಬಾಗುವ ಬಲ ಸುಮಾರು 1450 ನ್ಯೂಟನ್-ಮೀಟರ್. ನಿಮ್ಮ ಪೈಪು 50 ಮಿ.ಮೀ. ಚೌಕ, ಗೋಡೆಯ ದಪ್ಪ 3 ಮಿ.ಮೀ. ಅದರಲ್ಲಿ ಹುಟ್ಟುವ ಒತ್ತಡ 174 ಮೆಗಾಪಾಸ್ಕಲ್. ಗಾಡಿ ಷೋರೂಮಿನಲ್ಲಿ ನಿಂತೇ ಇರುವುದಾದರೆ ತೊಂದರೆಯಿಲ್ಲ.

ಗಾಡಿ ಓಡುವುದು ಹಾಸನ-ಬೇಲೂರು ರಸ್ತೆಯಲ್ಲಿ, ಯಗಚಿ ಜಲಾಶಯದ ಕಡೆಗೆ. ಕಡಲಿಗೆ ಹೋಗುವುದಾದರೆ ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡ ಐಆರ್‌ಸಿ 99 ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುವಂಥದ್ದು. ಊರೂರಿನ ಮುಂದೆ ಇರುವ ಹಂಪ್‌ಗಳು ಹಾಗಿಲ್ಲ ಎಂದು ಇಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಗೊತ್ತು. ಹಿಂಚಕ್ರ ಅಂಥ ಹಂಪ್ ಇಳಿದು ಕುಕ್ಕಿದಾಗ ಹೊರೆ ಕ್ಷಣಕಾಲ ಎರಡು ಪಟ್ಟಾಗುತ್ತದೆ ಎಂದು ಹಿಡಿಯುವುದು ಅತಿ ಲೆಕ್ಕವೇನಲ್ಲ. ಆಗ ಅದೇ ಪೈಪಿನಲ್ಲಿ 348 ಮೆಗಾಪಾಸ್ಕಲ್. ಚೌಕ ಉಕ್ಕಿನ ಪೈಪುಗಳ ಭಾರತೀಯ ಮಾನದಂಡ ಐಎಸ್ 4923ರ ವೈಎಸ್‌ಟಿ 310 ದರ್ಜೆಯ ಪೈಪು ಕೂಡ 310 ಮೆಗಾಪಾಸ್ಕಲ್‌ಗೆ ಶರಣಾಗುತ್ತದೆ, ಅಂದರೆ ಮರಳಿ ನೆಟ್ಟಗಾಗದಂತೆ ಬಾಗುತ್ತದೆ. ನೀವು ಬಳಸಿದ್ದು ಯಾವ ದರ್ಜೆ ಎಂದು ಎರಡು ಬಾರಿ ಕೇಳಿದರೂ ಉತ್ತರ ಬಂದಿಲ್ಲ. ಇದೇ 50 ಮಿ.ಮೀ. ಪೈಪಿನ ಗೋಡೆ 6 ಮಿ.ಮೀ. ಇದ್ದಿದ್ದರೆ ಆ ಕುಕ್ಕಿಗೂ 209 ಮೆಗಾಪಾಸ್ಕಲ್‌ನಲ್ಲೇ ನಿಲ್ಲುತ್ತಿತ್ತು. ಹೆಚ್ಚುವರಿ ಕಬ್ಬಿಣ ಮೀಟರಿಗೆ ನಾಲ್ಕು ಕೆ.ಜಿ.ಯಷ್ಟು. ಇದಕ್ಕೆ ಲೋಭ ಮಾಡಬಾರದಿತ್ತು.

ಬಿರುಕು ಎಲ್ಲಿ ಹುಟ್ಟಬೇಕೋ ಅಲ್ಲೇ ಹುಟ್ಟಿದೆ: ಪೈಪಿನ ಮೇಲ್ಮುಖದಲ್ಲಿ, ಮೊದಲ ಅಡ್ಡಪಟ್ಟಿಯ ವೆಲ್ಡಿಂಗ್ ಅಂಚಿಗೆ ಸರಿಯಾಗಿ. ತೂಕ ಕೆಳಗೆ ಜಗ್ಗಿದಾಗ ಮೇಲ್ಮುಖ ಹಿಗ್ಗುತ್ತದೆ, ಅದೇ ಗೆರೆಯಲ್ಲಿ ನೀವು ಅಡ್ಡಕ್ಕೆ ವೆಲ್ಡ್ ಹೊಡೆದಿದ್ದೀರಿ. ಬಣ್ಣ ಕೆರೆದು, ಒರೆಸಿ, ಕೆಂಪು ಡೈ ಪೆನೆಟ್ರೆಂಟ್ (ಬಿರುಕಿನೊಳಗೆ ಇಳಿಯುವ ಬಣ್ಣದ ದ್ರವ) ಹಚ್ಚಿ ಹದಿನೈದು ನಿಮಿಷ ಬಿಟ್ಟು, ಮತ್ತೆ ಒರೆಸಿ ಬಿಳಿ ಡೆವಲಪರ್ ಸಿಂಪಡಿಸಿದಾಗ ಒಂದರಲ್ಲಿ 18 ಮಿ.ಮೀ., ಇನ್ನೊಂದರಲ್ಲಿ 11 ಮಿ.ಮೀ. ಕೆಂಪು ಗೆರೆ ಮೂಡಿತು. ಚಿತ್ರಗಳನ್ನು ಲಗತ್ತಿಸಿದ್ದೇವೆ. ಪೌಡರ್ ಕೋಟಿಂಗ್ ಕೆಳಗೆ ಇದು ಕಣ್ಣಿಗೆ ಕಾಣುವುದಿಲ್ಲ. ಈ ರ‍್ಯಾಕ್ ಇಟ್ಟುಕೊಂಡಿರುವ ಉಳಿದ ಗ್ರಾಹಕರಿಗೆ ತಮ್ಮ ಪೈಪು ಸೀಳಿರುವುದು ಈ ಹೊತ್ತಿಗೂ ತಿಳಿದಿರಲಾರದು. ನಮ್ಮನ್ನು ನಿದ್ದೆಗೆಡಿಸಿರುವುದು ಇದು.

ಎರಡನೆಯ ದೋಷ, ಆಟ, ಅಂದರೆ ಪೈಪು ರಿಸೀವರಿನಲ್ಲಿ ಸಡಿಲವಾಗಿ ಅಲುಗಾಡುವುದು. ಎರಡು ಇಂಚಿನ ರಿಸೀವರ್ ಎಂದರೆ 50.8 ಮಿ.ಮೀ. ಪೈಪು ಹೋಗಲೆಂದು ಮಾಡಿದ ಬಾಯಿ. ಒಳ ಅಳತೆ 51.6 ಬಂದಿದೆ. ನೀವು ಹಾಕಿರುವುದು ನಮ್ಮ ಮಾರುಕಟ್ಟೆಯ 50 ಮಿ.ಮೀ. ಪೈಪು, ವರ್ನಿಯರ್‌ನಲ್ಲಿ 49.6. ನಡುವೆ 2 ಮಿ.ಮೀ. ಸಡಿಲ. ಕೇಳಲು ಸಣ್ಣದು, ಆದರೆ ಚೌಕ ಪೈಪು ಅಷ್ಟರಲ್ಲೇ ಎರಡು ಡಿಗ್ರಿಗೂ ಹೆಚ್ಚು ಹೊರಳುತ್ತದೆ, ಮಧ್ಯದಿಂದ 1.2 ಮೀಟರ್ ದೂರದ ಸ್ಕೀ ಮೂತಿ 40 ಮಿ.ಮೀ.ಗೂ ಹೆಚ್ಚು ಮೇಲೆ, ಅಷ್ಟೇ ಕೆಳಗೆ ಒನೆದಾಡುತ್ತದೆ. ಪ್ರತಿ ಒನೆತಕ್ಕೂ ಪೈಪಿನ ಮೂಲೆಗಳು ರಿಸೀವರಿಗೆ ಬಡಿದು ಚಪ್ಪಟೆಯಾಗುತ್ತವೆ, ಆಟ ಇನ್ನೂ ಹೆಚ್ಚುತ್ತದೆ. ಇದನ್ನು ಬಿಗಿಹಿಡಿಯುವ ಯು-ಕ್ಲಾಂಪ್ ಅಥವಾ ಒಳಗಿನಿಂದ ಒತ್ತುವ ಬೋಲ್ಟು ನಿಮ್ಮ ಪೆಟ್ಟಿಗೆಯಲ್ಲಿಲ್ಲ.

ಸ್ಕೀ ಮಧ್ಯಕ್ಕೆ ಕೂರದಿರುವುದು ಈ ಹೊರಳುವಿಕೆಯನ್ನು ಹೆಚ್ಚಿಸುತ್ತದೆ. ರ‍್ಯಾಕ್ ಮೂಲತಃ ಮೋಟಾರ್‌ಸೈಕಲ್ ಸಾಗಿಸುವ ಹಳಿ, ಅದಕ್ಕೆ ಎರಡು ಮರದ ದಿಂಬು ಬಿಗಿದು ಜೆಟ್ ಸ್ಕೀ ರ‍್ಯಾಕ್ ಎಂದು ಹೆಸರಿಟ್ಟಿದ್ದೀರಿ. ಸ್ಟ್ಯಾಂಡ್-ಅಪ್ ಸ್ಕೀಯಲ್ಲಿ ಎಂಜಿನ್ ಹುಡ್ ಕೆಳಗಿದೆ, ಹಿಂದೆ ಸವಾರ ನಿಲ್ಲುವ ತೊಟ್ಟಿ ಖಾಲಿ. 1.2 ಮೀಟರ್ ಅಂತರದ ದಿಂಬುಗಳ ಕೆಳಗೆ ಒಂದೊಂದು ತೂಕದ ಯಂತ್ರ ಇಟ್ಟರೆ ಮುಂದೆ 112, ಹಿಂದೆ 78 ಕೆ.ಜಿ. ತೋರಿಸುತ್ತದೆ. ಅಂದರೆ ತೂಕದ ಕೇಂದ್ರ ನಡುವಿನಿಂದ 107 ಮಿ.ಮೀ. ಮೂತಿಯ ಕಡೆಗೆ. ದಿಂಬುಗಳನ್ನು 150 ಮಿ.ಮೀ. ಜರುಗಿಸಲು ಉದ್ದನೆಯ ತೂತು ಕೊಟ್ಟಿದ್ದರೆ ಸರಿಹೋಗುತ್ತಿತ್ತು. ನಿಮ್ಮಲ್ಲಿ ದಿಂಬಿನ ಆಧಾರಗಳೆಲ್ಲ ಒಂದೇ ಜಾಗಕ್ಕೆ ವೆಲ್ಡ್ ಆಗಿವೆ. ದಿಂಬಿನ ಬೋಲ್ಟಿನ ತಲೆ ಕಾರ್ಪೆಟ್ ಮೀರಿ ಮೇಲೆ ಬಂದಿದೆ, ಹಿಂದಿನ ದಿಂಬು ಇನ್‌ಟೇಕ್ ಗ್ರೇಟ್ (ಪಂಪಿಗೆ ನೀರು ಎಳೆಯುವ ಬಾಯಿಯ ಜಾಲರಿ) ಕೆಳಕ್ಕೇ ಬರುತ್ತದೆ. ಹೊರೆ ಹಲ್‌ನ ಗಟ್ಟಿ ಅಂಚುಗಳ ಮೇಲೆ ಕೂರಬೇಕು, ಪಂಪಿನ ಭಾಗಗಳ ಮೇಲೆ ಕೂರಬಾರದು.

ಹತ್ತಿಸುವ ಕ್ರಮವೂ ಕೈಪಿಡಿಯಲ್ಲಿ ತಪ್ಪಾಗಿದೆ. ಪಕ್ಕದಿಂದ ರ‍್ಯಾಂಪ್ ಇಟ್ಟು ಎಳೆಯುವಾಗ ಸ್ಕೀಯ ಅರ್ಧ ತೂಕ, 90 ಕೆ.ಜಿ.ಗೂ ಹೆಚ್ಚು, ರ‍್ಯಾಕಿನ ಒಂದೇ ತುದಿಗೆ ಬೀಳುತ್ತದೆ. ಆ ತುದಿಗೆ ನೆಲದಿಂದ ಊರುಗಾಲು ಕೊಡದೆ ಹತ್ತಿಸಬಾರದು. ಊರುಗಾಲು ನೀವು ಕೊಟ್ಟೇ ಇಲ್ಲ. ರ‍್ಯಾಂಪ್ 1.8 ಮೀಟರ್, ಏರಬೇಕಾದ ಎತ್ತರ 60 ಸೆಂ.ಮೀ.: ರೋಲರ್ ಇಲ್ಲದ ಕಾರ್ಪೆಟ್ ಮೇಲೆ ಇದಕ್ಕೆ ಸುಮಾರು 115 ಕೆ.ಜಿ. ಎಳೆತ ಬೇಕು. "ಇಬ್ಬರು ಸುಲಭವಾಗಿ ಹತ್ತಿಸಬಹುದು" ಎಂಬುದು ಸುಳ್ಳು. "ಬೇಕಾದರೆ ಯಾವ ಮಗ್ಗುಲಿಗಾದರೂ ಹೊರಳಿಸಿ" ಎಂಬ ಸಾಲನ್ನಂತೂ ಇವತ್ತೇ ತೆಗೆಯಿರಿ. ಮಗುಚಿದ ಸ್ಕೀಯನ್ನು ಯಾವ ದಿಕ್ಕಿಗೆ ಹೊರಳಿಸಬೇಕೆಂದು ಅದರ ಹಿಂಭಾಗದಲ್ಲೇ ಚೀಟಿ ಇರುತ್ತದೆ. ತಪ್ಪು ದಿಕ್ಕಿಗೆ ಹೊರಳಿಸಿದರೆ ಎಕ್ಸಾಸ್ಟ್‌ನಲ್ಲಿ ನಿಂತ ನೀರು ಸಿಲಿಂಡರಿಗೆ ಇಳಿಯಬಹುದು, ಆಮೇಲೆ ಎಂಜಿನ್ ಬಿಚ್ಚುವ ಕೆಲಸ.

ಕಟ್ಟಲು ಕೊಟ್ಟಿರುವುದು 25 ಮಿ.ಮೀ. ನೈಲಾನ್ ಬೆಲ್ಟು ಎರಡು. ನೈಲಾನ್ ಒದ್ದೆಯಾದರೆ ಹಿಗ್ಗುತ್ತದೆ, ನೀರಿನಿಂದ ಬಂದ ಸ್ಕೀ ಒದ್ದೆಯೇ ಇರುತ್ತದೆ. ಪಾಲಿಯೆಸ್ಟರ್ ಬೆಲ್ಟು ನಾಲ್ಕು ಬೇಕು, ಹ್ಯಾಂಡಲ್ ಪೋಲ್ ಕುಣಿಯದಂತೆ ಬೇರೆಯೇ ಒಂದು ಕಟ್ಟು ಬೇಕು.

ಇನ್ನು ಗಾಡಿ. 2750 ಮಿ.ಮೀ. ವೀಲ್‌ಬೇಸ್ ಇರುವ ಗಾಡಿಯಲ್ಲಿ ಹಿಂದಿನ ಆಕ್ಸಲ್‌ನಿಂದ 1.75 ಮೀಟರ್ ದೂರ ತೂಗುವ ಈ 228 ಕೆ.ಜಿ. ಮುಂಚಕ್ರಗಳ ಮೇಲಿಂದ 145 ಕೆ.ಜಿ. ಎತ್ತಿಬಿಡುತ್ತದೆ, ಹಿಂದಿನ ಆಕ್ಸಲ್‌ಗೆ 373 ಕೆ.ಜಿ. ಹೇರುತ್ತದೆ. ಮಳೆಯಲ್ಲಿ ಘಾಟಿ ತಿರುವಿನಲ್ಲಿ ಸ್ಟೀರಿಂಗ್ ಹಗುರವಾದರೆ ಏನಾಗುತ್ತದೆಂದು ಬರೆಯಬೇಕಾಗಿಲ್ಲ. ಸ್ಕೀಯ ಉದ್ದ 2.43 ಮೀಟರ್, ಗಾಡಿಯ ಅಗಲ 1.83, ಎರಡೂ ಬದಿಗೆ ತಲಾ 30 ಸೆಂ.ಮೀ. ಹೊರಗೆ. ಹೊರೆ ಹೀಗೆ ಅನುಮತಿ ಮೀರಿ ಬದಿಗೆ ಚಾಚಿದರೆ ಮೋಟಾರು ವಾಹನ ಕಾಯ್ದೆಯ 194(1ಎ) ಕಲಂ ಪ್ರಕಾರ 20,000 ರೂ. ದಂಡವಿದೆ. ನಂಬರ್ ಪ್ಲೇಟ್ ಮತ್ತು ಟೈಲ್ ಲ್ಯಾಂಪ್ ಮುಚ್ಚಿಹೋಗುತ್ತವೆ, ಬದಲಿ ದೀಪದ ಪಟ್ಟಿ ಇಲ್ಲ. ನಿಮ್ಮ ಜಾಹೀರಾತಿನಲ್ಲಿ ಮಾತ್ರ "ಯಾವ ಅನುಮತಿಯೂ ಬೇಡ" ಎಂದು ದಪ್ಪ ಅಕ್ಷರದಲ್ಲಿದೆ.

ಪೈಪು ತುಂಡಾದರೆ ಬೀಳುವುದು ಇನ್ನೂರು ಕೆ.ಜಿ.ಗೂ ಹೆಚ್ಚಿನ ತೂಕ. ಅದನ್ನು ತಡೆದು ಹಿಡಿಯಲು ಚಾಸಿಗೆ ಬಿಗಿಯುವ ಒಂದು ಸುರಕ್ಷತಾ ಸರಪಳಿಯೂ ನಿಮ್ಮ ವಿನ್ಯಾಸದಲ್ಲಿಲ್ಲ. ಹಿಂದೆ ಬರುತ್ತಿರುವುದು ಬೈಕಿನಲ್ಲಿ ಮಗುವನ್ನು ಕೂರಿಸಿಕೊಂಡವರಾಗಿರಬಹುದು.

ಆದ್ದರಿಂದ ಮೂರೂ ರ‍್ಯಾಕ್‌ಗಳನ್ನು ನಿಮ್ಮ ಖರ್ಚಿನಲ್ಲಿ ವಾಪಸ್ ಒಯ್ದು ಪೂರ್ತಿ ಹಣ ಕೊಡಬೇಕು. ಬಿರುಕು ಬಿಟ್ಟಲ್ಲಿ ತೇಪೆ ವೆಲ್ಡ್ ಹೊಡೆದು ಕೊಡುವ ಪ್ರಸ್ತಾಪ ಬೇಡ, ಬಿರುಕಿನ ಮೇಲೆ ವೆಲ್ಡ್ ಹೊಡೆದರೆ ಪಕ್ಕದಲ್ಲಿ ಹೊಸದು ಏಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಜೆಟ್ ಸ್ಕೀಗೆಂದು ಈ ರ‍್ಯಾಕ್ ಕೊಂಡ ಪ್ರತಿಯೊಬ್ಬರಿಗೂ ಬಳಕೆ ನಿಲ್ಲಿಸುವಂತೆ ಲಿಖಿತ ಸೂಚನೆ ಹೋಗಬೇಕು, 200 ಕೆ.ಜಿ. ಎಂಬ ಚೀಟಿ ಬದಲಾಗುವವರೆಗೆ ಮಾರಾಟ ನಿಲ್ಲಬೇಕು. ಪೈಪಿನ ದರ್ಜೆಯ ಪ್ರಮಾಣಪತ್ರ ಮತ್ತು ನೀವು ಹೊರೆ ಪರೀಕ್ಷೆ ಮಾಡಿದ್ದರೆ ಅದರ ವರದಿಯನ್ನು ನಮಗೆ ಕಳಿಸಿ. ನಮ್ಮ ಅಭಿಪ್ರಾಯ ಕೇಳುವುದಾದರೆ, ಇಷ್ಟು ಉದ್ದದ ಸ್ಕೀಗೆ ಅಡ್ಡ ರ‍್ಯಾಕ್ ಬೇಡ. ಸ್ವಂತ ಚಕ್ರ, ದೀಪ, ನೋಂದಣಿ ಇರುವ ಚಿಕ್ಕ ಟ್ರೇಲರ್ ಅಥವಾ ಪಿಕಪ್ಪಿನ ತೊಟ್ಟಿ ಸರಿ.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ, ನಾವು ವಾಸಿಸುವ ಹಾಸನ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ದಾಖಲಿಸುತ್ತೇವೆ. ಬಿರುಕು ಬಿಟ್ಟ ಎರಡೂ ಪೈಪುಗಳನ್ನು ಡೈ ಪರೀಕ್ಷೆಯ ನಂತರ ಮುಟ್ಟದೆ ಹಾಗೇ ಇಟ್ಟಿದ್ದೇವೆ, ನಿಮ್ಮ ಎಂಜಿನಿಯರ್ ಯಾವ ದಿನ ಬಂದರೂ ನೋಡಬಹುದು.

ಇಂತಿ,
ಮೂವರು ಗ್ರಾಹಕರು
ಹಾಸನ

ಲಗತ್ತು: ಖರೀದಿ ಬಿಲ್‌ಗಳ ಪ್ರತಿ, ಡೈ ಪರೀಕ್ಷೆಯ ಆರು ಚಿತ್ರಗಳು, ತೂಕದ ಚೀಟಿ, ವರ್ನಿಯರ್ ಅಳತೆಯ ಹಾಳೆ