ಮೂರನೇ ಕ್ಲಾಸಿನ ಮಗುವಿಗೆ ಒಂದು ಪುಟ ಓದಿಸಿ ನೋಡಿ: ಶಾಲಾ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರೇ,

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅನುದಾನಿತ ಚರ್ಚ್ ಶಾಲೆಗಳಲ್ಲಿ ಒಂದರಿಂದ ಐದರವರೆಗೆ ಪಾಠ ಮಾಡುವವರು ನಾವು. ಚರ್ಚ್ ಶಾಲೆ ಎಂದ ಕೂಡಲೇ ಟೈ ಕಟ್ಟಿದ ಮಕ್ಕಳ ಇಂಗ್ಲಿಷ್ ಕಾನ್ವೆಂಟ್ ಎಲ್ಲರ ಕಣ್ಣಿಗೆ ಬರುತ್ತದೆ. ನಾವು ಹೇಳುತ್ತಿರುವುದು ಇಪ್ಪತ್ತು ಮೂವತ್ತು ಮಕ್ಕಳಿರುವ ಕನ್ನಡ ಮಾಧ್ಯಮದ ಶಾಲೆಗಳ ಮಾತು. ಮನೆಯಲ್ಲಿ ಕೊಂಕಣಿ, ತುಳು, ಬ್ಯಾರಿ, ಲಂಬಾಣಿ ಆಡುವ ಮಕ್ಕಳು ಒಂದೇ ಚಾಪೆಯ ಮೇಲೆ ಕೂತು ಕನ್ನಡ ಕಲಿಯುವ ಜಾಗ ಇದು. ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರದಲ್ಲಿ ಪ್ರಾಥಮಿಕ ಶಾಲೆಯವರಿಗೆ ಮತವಿಲ್ಲ. ಅದಕ್ಕೇ ನೇರವಾಗಿ ನಿಮಗೆ ಬರೆಯುತ್ತಿದ್ದೇವೆ.

ಚಿಕ್ಕ ಶಾಲೆಯ ಗುಣಮಟ್ಟ ನಿಂತಿರುವುದು ನಿಮಿಷಗಳ ಮೇಲೆ. ಇಬ್ಬರು ಶಿಕ್ಷಕರಿದ್ದರೆ ಒಂದು, ಎರಡು, ಮೂರನೇ ತರಗತಿ ಒಬ್ಬರ ಪಾಲು. 40 ನಿಮಿಷದ ಪೀರಿಯಡ್ಡನ್ನು ಮೂರು ಪಾಲು ಮಾಡಿದರೆ ತರಗತಿಗೆ 13 ನಿಮಿಷ. ಅದರಲ್ಲಿ ಆರು ಮಕ್ಕಳಿದ್ದರೆ ತಲೆಗೆ ಎರಡೇ ನಿಮಿಷ. ಅಕ್ಷರ ಕೂಡಿಸಿ ಓದುವ ಮಗು ನಾಲ್ಕು ಸಾಲು ಮುಗಿಸುವಷ್ಟರಲ್ಲಿ ಆ ಎರಡು ನಿಮಿಷ ತೀರಿರುತ್ತದೆ, ತಪ್ಪು ತಿದ್ದಲು ಏನೂ ಉಳಿಯುವುದಿಲ್ಲ. ಮುಖ್ಯ ಶಿಕ್ಷಕರು ಮೀಟಿಂಗಿಗೆ ಹೋದ ದಿನ, ಅಥವಾ ಮಕ್ಕಳ ವಿವರ ಆನ್‌ಲೈನ್ ತುಂಬಲು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದ ದಿನ, ಐದೂ ತರಗತಿ ಒಬ್ಬರ ತಲೆಗೆ ಬರುತ್ತವೆ.

ಆ ತಿದ್ದುವ ನಿಮಿಷ ಯಾಕೆ ಬೇಕು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಕಾಗುಣಿತವನ್ನು ರಾಗವಾಗಿ ಒಪ್ಪಿಸುವ ಮಗುವಿಗೆ ‘ಕೌ’ ಒಂದನ್ನೇ ಬರೆದು ತೋರಿಸಿದರೆ, ಅದು ಮನಸ್ಸಿನಲ್ಲೇ ‘ಕ ಕಾ ಕಿ ಕೀ’ ಎಂದು ಮೊದಲಿನಿಂದ ಶುರು ಮಾಡುತ್ತದೆ. ಒತ್ತಕ್ಷರದಲ್ಲಿ ಅಕ್ಕ, ಅಜ್ಜ ಸುಲಭ. ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲ ಅಕ್ಷರವನ್ನು ಹೋಲುವುದೇ ಇಲ್ಲ, ಹೊಸ ಅಕ್ಷರಗಳೆಂದೇ ಕಲಿಸಬೇಕು. ಎಲ್ಲಕ್ಕಿಂತ ಕಷ್ಟ ಅರ್ಕಾವತ್ತು. ಬಾಯಲ್ಲಿ ಮೊದಲು ಬರುವ ‘ರ್’ ಬರಹದಲ್ಲಿ ಹಿಂದೆ ಹೋಗಿ ಕೂರುತ್ತದೆ. ಎಡದಿಂದ ಬಲಕ್ಕೆ ಓದು ಎಂದು ನಾವೇ ಹೇಳಿಕೊಟ್ಟ ಮಗು ‘ಸೂರ್ಯ’ವನ್ನು ‘ಸೂಯ್ರ’ ಎಂದೇ ಓದುತ್ತದೆ. ಸೂರ್ಯ, ಕಾರ್ಯ, ವರ್ಷ, ಅರ್ಧ ಇಂಥ ಹತ್ತು ಪದ ಹಿಡಿದು, ಪದದ ಕೆಳಗೆ ಬೆರಳಿಟ್ಟು, ದಿನಕ್ಕೆ ಐದು ನಿಮಿಷದಂತೆ ಎರಡು ವಾರ ಪಕ್ಕದಲ್ಲಿ ಕೂತರೆ ಇದು ಸರಿಹೋಗುತ್ತದೆ. ಕೂರದಿದ್ದರೆ ಐದನೇ ತರಗತಿಯಲ್ಲೂ ‘ಸೂಯ್ರ’ವೇ.

ಲೆಕ್ಕದಲ್ಲೂ ಅಷ್ಟೆ. 302ರಲ್ಲಿ 147 ಕಳೆಯಲು ಕೊಟ್ಟರೆ ಉತ್ತರ 245 ಎಂದು ಬರೆಯುವ ಮಕ್ಕಳು ಬಹಳ. ಬಿಡಿ, ಹತ್ತು, ನೂರು ಹೀಗೆ ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿರುತ್ತಾರೆ, ಸೊನ್ನೆಯಿಂದ ದಶಕ ತರುವುದು ಹೇಗೆಂದು ಕಂಡೇ ಇರುವುದಿಲ್ಲ. ಅಡಿಕೆಯನ್ನು ಹತ್ತರಂತೆ ಚೀಲಕ್ಕೆ ತುಂಬಿ, ಹತ್ತು ಚೀಲ ಸೇರಿಸಿ ನೂರರ ಗಂಟು ಕಟ್ಟಿ, ಒಂದು ಗಂಟು ಬಿಚ್ಚಿಸಿ, ಅದರೊಳಗಿನ ಒಂದು ಚೀಲವನ್ನೂ ಬಿಚ್ಚಿಸಬೇಕು. ಎರಡು ಗಂಟು, ಒಂಬತ್ತು ಚೀಲ, ಹನ್ನೆರಡು ಬಿಡಿ ಅಡಿಕೆ ಕೈಗೆ ಬಂದ ಮೇಲೆ 155 ತಾನಾಗಿ ಬರುತ್ತದೆ.

ಹೀಗೆ ಹಲವು ತರಗತಿಗಳು ಒಂದೇ ಕೋಣೆಯಲ್ಲಿ ಕೂತು ಕಲಿಯಲೆಂದೇ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ್ದು ನಲಿ-ಕಲಿ ಪದ್ಧತಿ. ‘ರ ಗ ಸ ದ ಅ’ದಿಂದ ಶುರುವಾಗುವ ಆ ಕಾರ್ಡು, ಕಲಿಕೆಯ ಹೆಜ್ಜೆಗಳನ್ನು ಕ್ರಮವಾಗಿ ತೋರಿಸುವ ಕಲಿಕಾ ಏಣಿ, ಯಾರು ಯಾವ ಗುಂಪಿನಲ್ಲಿ ಕೂರಬೇಕೆಂದು ತಿಳಿಸುವ ಗುಂಪಿನ ತಟ್ಟೆಗಳು ನಮ್ಮ ಕೋಣೆಗಳಿಗೆ ಹೇಳಿ ಮಾಡಿಸಿದ ಹಾಗಿವೆ. ಆದರೆ ಕಾರ್ಡು ಕಳೆದರೆ, ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿದರೆ, ಏಣಿಯ ಒಂದು ಮೆಟ್ಟಿಲೇ ಹೋದಂತೆ. ಲ್ಯಾಮಿನೇಟ್ ಮಾಡಿದ ಪೂರ್ತಿ ಸೆಟ್ಟು ಮತ್ತು ತರಬೇತಿ ಅನುದಾನಿತ ಚಿಕ್ಕ ಶಾಲೆಗಳಿಗೂ ಸಿಗಲಿ.

ಇನ್ನು ಮಳೆ. ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿ ಮಾಡಿಸುವ ಸೇತುಬಂಧ ನಡೆಯಬೇಕಾದ ಜೂನ್, ಅಕ್ಷರ ಗಟ್ಟಿಯಾಗಬೇಕಾದ ಜುಲೈ, ಎರಡರಲ್ಲೂ ರಜೆ ಮೇಲೆ ರಜೆ. ಶೀಟಿನ ಮಾಡಿನ ಕೋಣೆಯಲ್ಲಿ ಜೋರು ಮಳೆ ಹೊಡೆದರೆ ಮೊದಲ ಬೆಂಚಿಗೂ ಮಾತು ಕೇಳಿಸುವುದಿಲ್ಲ. ಕರೆಂಟಿಲ್ಲದೆ ಸ್ಮಾರ್ಟ್ ಟಿ.ವಿ. ಕಪ್ಪಗೆ ನಿಂತಿರುತ್ತದೆ. ರಜೆ ಸರಿದೂಗಿಸಲು ಶನಿವಾರ ಮಧ್ಯಾಹ್ನ ಶಾಲೆ ನಡೆಸಿ ಎನ್ನುತ್ತಾರೆ, ಆದರೆ ಮೂರು ಕಿಲೋಮೀಟರ್ ನಡೆದು ಬಂದು ಸುಸ್ತಾದ ಏಳು ವರ್ಷದ ಮಗುವಿಗೆ ಅದು ಹತ್ತುವುದಿಲ್ಲ. ಸೆಪ್ಟೆಂಬರಿನಿಂದ ದಿನಕ್ಕೆ ಅರ್ಧ ಗಂಟೆ ಓದಿಗೆಂದು ಸೇರಿಸುವ ಅಧಿಕಾರವನ್ನು ಮಲೆನಾಡಿನ ತಾಲ್ಲೂಕುಗಳಿಗೆ ಕೊಡಿ.

ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ವಾರ್ಷಿಕೋತ್ಸವದ ಡ್ಯಾನ್ಸ್ ಪ್ರಾಕ್ಟೀಸಿಗೆ ವಾರಗಟ್ಟಲೆ ಮಧ್ಯಾಹ್ನಗಳು ಹೋಗುತ್ತವೆ. ಮಕ್ಕಳನ್ನು ಹಿಡಿದಿಟ್ಟುಕೊಳ್ಳಲೆಂದು ಕೆಲವು ಆಡಳಿತ ಮಂಡಳಿಗಳು ಇಂಗ್ಲಿಷ್ ಎಲ್.ಕೆ.ಜಿ. ತೆರೆದು, ಇದ್ದೊಬ್ಬ ಶಿಕ್ಷಕಿಯನ್ನು ಅಲ್ಲಿಗೆ ಹಾಕುತ್ತವೆ. ಇದನ್ನು ನಾವೇ ನಿಲ್ಲಿಸಬೇಕು, ನಿಲ್ಲಿಸುತ್ತೇವೆ.

ನಿಮ್ಮಿಂದ ಆಗಬೇಕಾದದ್ದು ಮುಖ್ಯವಾಗಿ ಶಿಕ್ಷಕರು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, ಐದನೇ ತರಗತಿವರೆಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ಎನ್ನುತ್ತದೆ. 2014ರ ಸುಪ್ರೀಂ ಕೋರ್ಟ್ ತೀರ್ಪು ನಮ್ಮಂಥ ಅಲ್ಪಸಂಖ್ಯಾತ ಶಾಲೆಗಳನ್ನು ಆ ಕಾಯ್ದೆಯಿಂದ ಹೊರಗಿಟ್ಟಿತು. ಅದನ್ನೇ ಮುಂದೆ ಮಾಡಿ ಇಲ್ಲಿನ ಮಕ್ಕಳಿಗೆ ಒಬ್ಬರೇ ಸಾಕು ಎನ್ನಬಾರದು. ಅನುದಾನಿತ ಹುದ್ದೆ ನಿವೃತ್ತಿಯಿಂದ ಖಾಲಿಯಾದರೆ, ಭರ್ತಿಗೆ ಅನುಮತಿ ಸಿಗುವ ತನಕ ಸರ್ಕಾರಿ ಶಾಲೆಗೆ ಕೊಡುವಂತೆ ನಮಗೂ ಅತಿಥಿ ಶಿಕ್ಷಕರನ್ನು ಕೊಡಿ. ಆಗಸ್ಟಿನಲ್ಲಿ ಬಂದರೆ ಪ್ರಯೋಜನವಿಲ್ಲ, ಜೂನ್ ಒಂದಕ್ಕೆ ಬರಬೇಕು.

ತಪಾಸಣೆಗೆ ಬರುವವರಿಗೂ ಒಂದು ಮಾತು ಹೇಳಿ. ಫೈಲು ನೋಡುವ ಮೊದಲು ಮೂರನೇ ತರಗತಿಯ ಮೂವರು ಮಕ್ಕಳನ್ನು ಕರೆಯಲಿ. ಪಠ್ಯಪುಸ್ತಕ ಬೇಡ, ಅದು ಬಾಯಿಪಾಠ ಆಗಿರುತ್ತದೆ. ಮಕ್ಕಳು ಹಿಂದೆ ನೋಡಿರದ ಪುಟ ಕೊಡಲಿ, ಚಿತ್ರವಿದ್ದರೆ ಕೈಯಲ್ಲಿ ಮುಚ್ಚಲಿ, ಕೊನೆಯ ಸಾಲಿನಿಂದ ಮೇಲಕ್ಕೆ ಓದಿಸಲಿ. ಹತ್ತು ನಿಮಿಷದಲ್ಲಿ ಶಾಲೆ ಏನೆಂದು ಗೊತ್ತಾಗುತ್ತದೆ.

ಸಾಧ್ಯವಾದರೆ ಮುಂದಿನ ಜುಲೈನಲ್ಲಿ ಇಂಥ ಒಂದು ಶಾಲೆಗೆ ನೀವೇ ಬನ್ನಿ. ಹಾರ, ಸ್ವಾಗತಗೀತೆ ಬೇಡ ಎಂದು ಮೊದಲೇ ತಿಳಿಸಿಬಿಡಿ, ಅದರ ತಯಾರಿಗೆ ಎರಡು ದಿನದ ಪಾಠ ಹೋಗುತ್ತದೆ. ಮಕ್ಕಳಿಗೆ ಓದಿಸುವ ಪುಟವನ್ನು ನೀವೇ ತನ್ನಿ.

ಇಂತಿ ತಮ್ಮ ವಿಶ್ವಾಸಿಗಳು,
ಮಲೆನಾಡಿನ ಚಿಕ್ಕ ಚರ್ಚ್ ಶಾಲೆಗಳ ಶಿಕ್ಷಕ ಶಿಕ್ಷಕಿಯರು