ಪಟ್ಟಿಯಲ್ಲಿ ಎರಡನ್ನಷ್ಟೇ ಉಳಿಸಿಕೋ

ಚಿ. ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನೀನು ಕಳಿಸಿದ ಪಟ್ಟಿ ನೋಡಿದೆ. ಎರಡು ದಿನದ ರಜೆಯಲ್ಲಿ ಹಳ್ಳಿಗಾಡಿನ ಹನ್ನೊಂದು ಹಳೇ ಕಟ್ಟಡ! ನಿನ್ನ ಉತ್ಸಾಹ ಕಂಡು ಖುಷಿಯಾಯಿತು. ಆದರೂ ಹೇಳುತ್ತೇನೆ, ಎರಡನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಹೊಡೆದುಹಾಕು ಮಗಳೇ.

ಕಲ್ಲು ಎಲ್ಲ ಹೊತ್ತಿನಲ್ಲೂ ಒಂದೇ ಥರ ಕಾಣುವುದಿಲ್ಲ. ಸವೆದ ಶಾಸನ ನಡುಮಧ್ಯಾಹ್ನ ಬರೀ ಬಂಡೆ. ಅದೇ ಕಲ್ಲಿಗೆ ಬೆಳಗ್ಗೆಯೋ ಇಳಿಹೊತ್ತಿನಲ್ಲೋ ಓರೆ ಬಿಸಿಲು ಬೀಳಲಿ, ಒಂದೊಂದು ಅಕ್ಷರದ ಗೀರಿನಲ್ಲೂ ನೆರಳು ತುಂಬಿ ಸಾಲುಗಳು ಎದ್ದು ಬರುತ್ತವೆ. ಆ ಅರ್ಧ ಗಂಟೆಗಾಗಿ ಇಡೀ ದಿನ ಕಾದರೂ ನಷ್ಟವಿಲ್ಲ. ಬಿಸಿಲು ತಲುಪದ ಮೂಲೆಯಾದರೆ ಟಾರ್ಚನ್ನು ಪಕ್ಕದಿಂದ, ಕಲ್ಲಿಗೆ ತಾಗಿದಂತೆ ಓರೆಯಾಗಿ ಹಿಡಿ. ಎದುರಿನಿಂದ ಬೆಳಕು ಬಿಟ್ಟರೆ ಏನೂ ಕಾಣದು.

ಇದು ತಿಳಿಯದ ವಯಸ್ಸಿನಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ಅಕ್ಷರ ಕಾಣಲಿ ಎಂದು ಒಂದು ಶಾಸನದ ಮೇಲೆ ಸೀಮೆಸುಣ್ಣ ಉಜ್ಜಿದೆ. ಓದಲು ಬಂತು, ಹಿಗ್ಗಿದೆ. ಎಷ್ಟೋ ಮಳೆಗಾಲ ಕಳೆದ ಮೇಲೆ ಮತ್ತೆ ಹೋದಾಗಲೂ ಕಲ್ಲಿನ ಸಣ್ಣ ತೂತುಗಳಲ್ಲಿ ಬಿಳಿ ಹಾಗೇ ಕೂತಿತ್ತು. ಯಾರೋ ತೆಗೆಯಲು ಹೋಗಿ ಗಟ್ಟಿಯಾಗಿ ತಿಕ್ಕಿದ್ದರು. ಎರಡು ಅಕ್ಷರದ ಅಂಚೇ ಹಾರಿಹೋಗಿತ್ತು. ಇಂದಿಗೂ ಅದು ನೆನಪಾದರೆ ಸಂಕಟವಾಗುತ್ತದೆ.

ಮುಟ್ಟದಿದ್ದರೂ ನಮ್ಮಿಂದ ಹಾನಿಯಾಗುವುದುಂಟು. ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಲಾಸ್ಕೋ ಎಂಬ ಗುಹೆಯಿದೆ. ಸಾವಿರಾರು ವರ್ಷ ಕತ್ತಲಲ್ಲಿ ಕ್ಷೇಮವಾಗಿದ್ದ ಅಲ್ಲಿನ ಚಿತ್ರಗಳು ಬೆಳಕಿಗೆ ಬಂದದ್ದು 1940ರಲ್ಲಿ. 1948ರಲ್ಲಿ ಜನರಿಗೆ ಬಾಗಿಲು ತೆರೆದರು, 1963ರಲ್ಲಿ ಮುಚ್ಚಬೇಕಾಯಿತು. ನೋಡಲು ಬಂದವರ ಉಸಿರು, ಮೈಶಾಖ, ತೇವ ಇಷ್ಟರಿಂದಲೇ ಗೋಡೆ ಕೆಡತೊಡಗಿತ್ತು. ಹಾಗಾಗಿ ಒಳಕೋಣೆಗಳಲ್ಲಿ ಗುಂಪು ಕರಗುವ ತನಕ ಹೊರಗೇ ಇರು.

ಹೊರಗೆ ನೋಡಲು ಬೇಕಾದಷ್ಟಿರುತ್ತದೆ. ಸೋಮನಾಥಪುರದ ಕೇಶವ ದೇವಾಲಯದಲ್ಲಿ ಹೊರಗೋಡೆಯ ವಿಗ್ರಹಗಳ ಪಾದದ ಕೆಳಗೆ ಬಗ್ಗಿ ನೋಡು. 13ನೆಯ ಶತಮಾನದ ಶಿಲ್ಪಿಗಳ ಹೆಸರು ಅಲ್ಲಿವೆ. ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಓಡುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಆಮೇಲೆ ಊರೊಳಗೂ ಒಂದು ಸುತ್ತು ಹಾಕು. ಇಂಗ್ಲೆಂಡಿನ ಏವ್‌ಬರಿಯಲ್ಲಿ ಪ್ರಾಚೀನ ಶಿಲಾವೃತ್ತದ ಕಲ್ಲುಗಳನ್ನೇ ಒಡೆದು ಹಳ್ಳಿಯವರು ಮನೆ ಕಟ್ಟಿಕೊಂಡಿದ್ದರು. ಸ್ಮಾರಕದ ಅರ್ಧ ಕಥೆ ಅಕ್ಕಪಕ್ಕದ ಗೋಡೆಗಳಲ್ಲಿರುತ್ತದೆ. ಹೊಲ ಅಡ್ಡ ಬಂದರೆ ಬದುವಿನ ಮೇಲೇ ನಡೆ. ಬೀಗ ಹಾಕಿದ್ದರೆ ಬೇಲಿ ಹಾರಬೇಡ, ಕೀಲಿಕೈ ಯಾರ ಹತ್ತಿರವಿದೆ ಎಂದು ಕೇಳು. ಕೀಲಿ ತರುವವರಿಗೆ ಗೊತ್ತಿರುವಷ್ಟು ಫಲಕದಲ್ಲಿ ಬರೆದಿರುವುದಿಲ್ಲ.

ಹೊರಡುವ ಮುನ್ನ ಒಮ್ಮೆ ಮನೆಗೆ ಬಾ. ನನ್ನ ಟಾರ್ಚ್ ತೆಗೆದುಕೊಂಡು ಹೋಗುವೆಯಂತೆ.

ಇಂತಿ,
ನಿನ್ನ ದೊಡ್ಡಪ್ಪ